ಓರೆಯಕ್ಷರವನ್ನು ಒರೆಗೆ ಹಚ್ಚಿದಾಗ

ಹೊಸೂರಿನಿಂದ ಹೊರಟು ತಳಿಯನ್ನು ದಾಟಿ, ರಾಗಿಯ ಹೊಲಗಳೂ ಹೂವಿನ ತೋಟಗಳೂ ಒಂದೊಂದಾಗಿ ಹಿಂದೆ ಸರಿದು, ಕಾಡಿನ ನೆರಳು ಸಮೀಪಿಸತೊಡಗಿದಾಗ ಎದುರಾಗುವ ಊರು ಜವಳಗಿರಿ. ಸರಕಾರದ ಲೆಕ್ಕದಲ್ಲಿ ಅದು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಡೆಂಕಣಿಕೋಟೆ ತಾಲ್ಲೂಕಿಗೆ ಸೇರಿದ್ದು. ಬನ್ನೇರುಘಟ್ಟದಿಂದ ಕಾವೇರಿಯ ಕಡೆಗೆ ಸಂಚರಿಸುವ ಆನೆಗಳ ಲೆಕ್ಕದಲ್ಲಿ ಅವುಗಳ ಹಾದಿಗೆ ಸೇರಿದ್ದು. ಮನೆಮಾತಿನ ಲೆಕ್ಕದಲ್ಲಿ ಕನ್ನಡ, ತೆಲುಗು, ತಮಿಳು ಈ ಮೂರಕ್ಕೂ ಸೇರಿದ್ದು. ಇಂತಹ ಊರಿನ ಒಂದು ಮನೆಯ ಜಗಲಿಯ ಮೇಲೆ ಕುಳಿತು, ಮದುವೆಯ ಲಗ್ನಪತ್ರಿಕೆಯ ಕರಡನ್ನು ತಿದ್ದುವ ಸಾಮಾನ್ಯ ಕಾರ್ಯದಲ್ಲಿ ತೊಡಗಿದ್ದಾಗ, ಅಕ್ಷರಗಳ ವಿಷಯದಲ್ಲಿ ನಾನು ಅದುವರೆಗೆ ಯೋಚಿಸದೆ ಇದ್ದ ಒಂದು ಪ್ರಶ್ನೆ ನನ್ನೆದುರು ಬಂದು ನಿಂತಿತು.

ಪತ್ರಿಕೆಯನ್ನು ಪೇಟೆಯ ಒಂದು ಅಚ್ಚುಕೂಟದಲ್ಲಿ ಕಂಪ್ಯೂಟರಿನ ಮೇಲೆ ಜೋಡಿಸಿದ್ದರು. ದೇವರ ಹೆಸರೂ ಮುಹೂರ್ತದ ವಿವರವೂ ನೇರವಾದ ಅಕ್ಷರಗಳಲ್ಲಿದ್ದರೆ, ಮನೆಯ ಹಿರಿಯರ ಹೆಸರುಗಳಿದ್ದ ಸಾಲುಗಳು ಮಾತ್ರ ವಿಶೇಷ ಗೌರವದ ಸೂಚನೆಯಾಗಿ ಬಲಕ್ಕೆ ವಾಲಿದ ಅಕ್ಷರಗಳಲ್ಲಿದ್ದವು. ಎಂಬತ್ತನ್ನು ದಾಟಿದ ದೊಡ್ಡಪ್ಪನವರು ಕಾಗದವನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದುಮಾಡಿ, ಹೀಗೆಂದರು: “ಏನಪ್ಪಾ ಇದು, ಅಕ್ಷರವೆಲ್ಲಾ ಗಾಳಿಗೆ ಮಲಗಿದ ರಾಗಿ ಪೈರಿನಂಗೆ ಬಿದ್ದವಲ್ಲ?”

ಕರಡನ್ನು ತಂದಿದ್ದ ಹುಡುಗ, “ಅದು ಸ್ಟೈಲು, ದೊಡ್ಡಪ್ಪಾ” ಎಂದ.

“ಸ್ಟೈಲು ಇರ್ಲಿ. ನಿಮ್ಮಜ್ಜನ ಹೆಸರು ನಿಂತ್ಕೊಂಡಿರ್ಬೇಕಲ್ಲಪ್ಪಾ.”

ಹುಡುಗನು ನಕ್ಕು ಸುಮ್ಮನಾದನು. ನನಗೆ ಮಾತ್ರ ಆ ಮಾತು ಅಷ್ಟಕ್ಕೇ ಮುಗಿಯಲಿಲ್ಲ. ಇಂಗ್ಲಿಷ್ ಪುಸ್ತಕಗಳಲ್ಲಿ ಇಟ್ಯಾಲಿಕ್ ಎಂಬ ಹೆಸರಿನಿಂದ ಅಷ್ಟೊಂದು ಸುಂದರವಾಗಿ, ಅಷ್ಟೊಂದು ಅರ್ಥವತ್ತಾಗಿ ಕಾಣುವ ಓರೆಯಕ್ಷರವು ಕನ್ನಡಕ್ಕೆ ಬಂದೊಡನೆ ಮಲಗಿದ ಪೈರಿನಂತೆ ಏಕೆ ತೋರಬೇಕು? ದೋಷವಿರುವುದು ನಮ್ಮ ಲಿಪಿಯಲ್ಲೋ, ಯಂತ್ರದಲ್ಲೋ, ಅಥವಾ ಎರವಲು ತಂದ ವಸ್ತುವಿನ ಹುಟ್ಟುಗುಣವನ್ನು ವಿಚಾರಿಸದೆ ತಂದ ನಮ್ಮ ಅವಸರದಲ್ಲೋ?

ಇದಕ್ಕೆ ಉತ್ತರವನ್ನು ಅರಸುವವರು ಮೊದಲು ಐದು ಶತಮಾನಗಳಷ್ಟು ಹಿಂದಕ್ಕೆ, ಇಟಲಿಯ ವೆನಿಸ್ ನಗರಕ್ಕೆ ಹೋಗಬೇಕಾಗುತ್ತದೆ. ಆ ಕಾಲದ ಯುರೋಪಿನ ಪುಸ್ತಕಗಳಲ್ಲಿ ರೋಮನ್ ಎಂದು ಕರೆಯುವ ನೆಟ್ಟಗಿನ ಅಕ್ಷರಗಳು ಆಗಲೇ ನೆಲೆಗೊಂಡಿದ್ದವು. ಅವುಗಳ ಗೆರೆಗಳು ಒಂದೆಡೆ ದಪ್ಪ, ಒಂದೆಡೆ ತೆಳು. ಗೆರೆ ಮುಗಿಯುವ ಕಡೆ ಸಣ್ಣದೊಂದು ಕುಡಿ. ಈ ಕುಡಿಗೆ ಅಚ್ಚಿನವರು ಸೆರಿಫ್ ಎನ್ನುತ್ತಾರೆ. ರೋಮಿನ ಶಿಲಾಶಾಸನಗಳಿಂದ, ಮುಖ್ಯವಾಗಿ ಕ್ರಿ.ಶ. 113ರ ಟ್ರೇಜನ್ ಸ್ತಂಭದಂತಹ ಶಾಸನಗಳಿಂದ, ಹರಿದುಬಂದ ಅಲಂಕಾರವಿದು. ಕಣ್ಣನ್ನು ಸಾಲಿನ ಉದ್ದಕ್ಕೂ ಮೆಲ್ಲಗೆ ನಡೆಸಿಕೊಂಡು ಹೋಗುವುದರಿಂದ ಪುಸ್ತಕದ ದೀರ್ಘವಾಚನಕ್ಕೆ ಇಂತಹ ಅಕ್ಷರವೇ ಹಿತವೆಂಬ ಅಭಿಪ್ರಾಯ ಅಚ್ಚಿನ ಲೋಕದಲ್ಲಿ ಬೇರೂರಿದೆ. ಆದರೆ ಇದೇ ಕಾಲದಲ್ಲಿ ವಿದ್ವಾಂಸರು ತಮ್ಮ ಸ್ವಂತಕ್ಕೆ ಪ್ರತಿಮಾಡಿಕೊಳ್ಳುವಾಗ ಬಳಸುತ್ತಿದ್ದ ಬರವಣಿಗೆ ಬೇರೆ. ಫ್ಲಾರೆನ್ಸಿನ ನಿಕೊಲೊ ನಿಕೊಲಿಯಂತಹ ಪುಸ್ತಕಪ್ರೇಮಿಗಳು 15ನೆಯ ಶತಮಾನದ ಆದಿಯಲ್ಲಿ ರೂಢಿಗೆ ತಂದ ಆ ಕೈಬರಹವು ಶೀಘ್ರಗಾಮಿ. ಲೇಖನಿಯನ್ನು ಹೆಚ್ಚು ಎತ್ತದೆ, ಅಕ್ಷರದಿಂದ ಅಕ್ಷರಕ್ಕೆ ಹರಿಯುತ್ತ, ಹರಿಯುವ ರಭಸದಲ್ಲಿ ಸ್ವಲ್ಪ ಬಲಕ್ಕೆ ಬಾಗಿದ ಬರಹ ಅದು.

ವೆನಿಸಿನಲ್ಲಿ ಅಚ್ಚುಕೂಟವನ್ನು ನಡೆಸುತ್ತಿದ್ದ ಆಲ್ಡಸ್ ಮನುಟಿಯಸ್ ಎಂಬ ಪಂಡಿತನು ಈ ಕೈಬರಹವನ್ನೇ ಅಚ್ಚುಮೊಳೆಗಳಲ್ಲಿ ಮೂಡಿಸಲು ಸಂಕಲ್ಪಿಸಿ, ಫ್ರಾಂಚೆಸ್ಕೊ ಗ್ರಿಫೊ ಎಂಬ ಕುಶಲ ಕೆತ್ತನೆಗಾರನಿಂದ ಅಚ್ಚುಗಳನ್ನು ಕೊರೆಯಿಸಿದನು. 1501ರಲ್ಲಿ ಆ ಅಕ್ಷರಗಳಲ್ಲಿ ವರ್ಜಿಲ್ ಮಹಾಕವಿಯ ಕೃತಿಗಳು ಅಚ್ಚಾಗಿ ಹೊರಬಂದವು. ಕೈಯಲ್ಲಿ ಹಿಡಿದು ಓಡಾಡಬಹುದಾದ ಕಿರುಗಾತ್ರದ ಪುಸ್ತಕ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಇಂದು ನಾವು ನೋಡುವಂತೆ ಅಲ್ಲೊಂದು ಇಲ್ಲೊಂದು ಪದವಲ್ಲ, ಪುಸ್ತಕಕ್ಕೆ ಪುಸ್ತಕವೇ ಇಟ್ಯಾಲಿಕ್ಕಿನಲ್ಲಿತ್ತು. ಇನ್ನೊಂದು, ಸಣ್ಣಕ್ಷರಗಳು ಮಾತ್ರ ಬಾಗಿದ್ದವು. ಸಾಲಿನ ಆದಿಯ ದೊಡ್ಡಕ್ಷರಗಳು ನೆಟ್ಟಗೇ ನಿಂತಿದ್ದವು. ಕಾಗದವನ್ನು ಉಳಿಸಲು ಮಾಡಿದ ಉಪಾಯವಿದೆಂದು ಬಹುಕಾಲ ಹೇಳುತ್ತಿದ್ದರು. ವಿದ್ವಾಂಸನ ಕೈಬರಹದ ಆಪ್ತತೆಯನ್ನು ಅಚ್ಚಿಗೆ ತರುವ ಹಂಬಲವೇ ಮುಖ್ಯವೆಂಬುದು ಈಚಿನವರ ಮತ. ಹೊಸ ಅಕ್ಷರಗಳ ಮೇಲೆ ಆಲ್ಡಸನು ವೆನಿಸಿನ ಆಡಳಿತದಿಂದ ವಿಶೇಷ ಹಕ್ಕನ್ನು ಪಡೆದನಾದರೂ, ಫ್ರಾನ್ಸಿನ ಲಿಯೋನ್ ನಗರದ ಅಚ್ಚುಕೂಟಗಳು ಅವನ್ನು ನಕಲುಮಾಡದೆ ಬಿಡಲಿಲ್ಲ. 1503ರಲ್ಲಿ ಆತನು ಆ ನಕಲುಪ್ರತಿಗಳಲ್ಲಿದ್ದ ತಪ್ಪುಗಳ ಪಟ್ಟಿಯನ್ನೇ ಅಚ್ಚುಮಾಡಿ ಓದುಗರನ್ನು ಎಚ್ಚರಿಸಿದನು.

ಹೀಗೆ ಸ್ವತಂತ್ರವಾಗಿ ಜನಿಸಿದ ಈ ಅಕ್ಷರವನ್ನು 1520ರ ದಶಕದಲ್ಲಿ ರೋಮಿನ ಲಿಪಿಕಾರ ಲೂಡೊವಿಕೊ ಅರಿಘಿ ಇನ್ನಷ್ಟು ಲಲಿತವಾಗಿ ತಿದ್ದಿದನು. ಶತಮಾನದ ನಡುಭಾಗದಲ್ಲಿ ಫ್ರಾನ್ಸಿನ ಗ್ರಾಂಜೋನ್ ಮೊದಲಾದ ಕೆತ್ತನೆಗಾರರ ಕೈಯಲ್ಲಿ ಅದು ರೋಮನ್ ಅಕ್ಷರದ ಮಗ್ಗುಲಲ್ಲಿ ನಿಲ್ಲಲು ಕಲಿಯಿತು. ಅಲ್ಲಿಂದ ಮುಂದೆ ಪುಟದ ಮುಖ್ಯ ಮಾತು ರೋಮನ್ನಿನಲ್ಲಿ. ಅದರ ನಡುವೆ ಗ್ರಂಥದ ಹೆಸರು, ಪರಭಾಷೆಯ ಪದ, ಒತ್ತಿ ಹೇಳಬೇಕಾದ ನುಡಿ, ನಾಟಕದಲ್ಲಿ ರಂಗಸೂಚನೆ, ಇವೆಲ್ಲ ಇಟ್ಯಾಲಿಕ್ಕಿನಲ್ಲಿ ಎಂಬ ಸಂಪ್ರದಾಯ ಮೆಲ್ಲಮೆಲ್ಲನೆ ಬಲಿಯಿತು. ಹರಿಕಥೆ ಮಾಡುವ ದಾಸರು ಕಥೆಯನ್ನು ಒಂದು ಕಂಠದಲ್ಲಿ ನಡೆಸುತ್ತಿದ್ದು, ಪಾತ್ರದ ಮಾತು ಬಂದಾಗ ತುಸು ಬೇರೊಂದು ಕಂಠವನ್ನು ತೆಗೆಯುತ್ತಾರಷ್ಟೆ. ಕಥೆಗಾರರು ಒಬ್ಬರೇ, ಶ್ರುತಿಯೂ ಒಂದೇ, ಧ್ವನಿ ಮಾತ್ರ ಬದಲು. ರೋಮನ್ನಿಗೆ ಇಟ್ಯಾಲಿಕ್ ಅಂತಹ ಎರಡನೆಯ ಧ್ವನಿ.

ಈ ಧ್ವನಿಭೇದವು ಕೇವಲ ಬಾಗುವಿಕೆಯಿಂದ ಹುಟ್ಟಿದ್ದಲ್ಲವೆಂಬುದೇ ಪ್ರಕೃತ ವಿಷಯದ ತಿರುಳು. ಯಾವುದಾದರೂ ಒಳ್ಳೆಯ ಇಂಗ್ಲಿಷ್ ಪುಸ್ತಕವನ್ನು ತೆರೆದು, ಆ ವರ್ಣಮಾಲೆಯ ಮೊದಲನೆಯ ಸಣ್ಣಕ್ಷರವನ್ನು ಎರಡೂ ರೂಪಗಳಲ್ಲಿ ಹೋಲಿಸಿ ನೋಡಿ. ನೆಟ್ಟಗಿನದು ಎರಡಂತಸ್ತಿನ ಮನೆಯಂತೆ: ಕೆಳಗೊಂದು ಹೊಟ್ಟೆ, ಮೇಲೊಂದು ಚಾವಣಿ. ಇಟ್ಯಾಲಿಕ್ಕಿನದು ಒಂದೇ ಅಂತಸ್ತು: ಶಾಲೆಯ ಹುಡುಗನು ಕಾಪಿಪುಸ್ತಕದಲ್ಲಿ ಬರೆಯುವ ಹಾಗೆ ಒಂದು ಸುತ್ತು, ಒಂದು ಬಾಲ. ‘ಎಫ್’ ಅಕ್ಷರವು ನೆಟ್ಟಗಿರುವಾಗ ಸಾಲಿನ ಮೇಲೆ ಕಾಲೂರಿ ನಿಲ್ಲುತ್ತದೆ. ಹಳೆಯ ಬಗೆಯ ಇಟ್ಯಾಲಿಕ್ಕಿನಲ್ಲಿ ಸಾಲಿನ ಕೆಳಗೂ ಇಳಿದು ಕೊಕ್ಕೆಯಾಗುತ್ತದೆ. ಅಕ್ಷರಗಳು ಅಗಲ ಕಿರಿದಾಗಿ, ಸೆರಿಫಿನ ಕುಡಿಗಳು ಲೇಖನಿಯ ಪ್ರವೇಶ ನಿರ್ಗಮನಗಳ ಗುರುತುಗಳಾಗಿ ಮಾರ್ಪಡುತ್ತವೆ. ಅಂದರೆ, ಇಟ್ಯಾಲಿಕ್ ಎಂಬುದು ವಾಲಿಸಿದ ರೋಮನ್ ಅಲ್ಲ. ಅದು ಬೇರೊಂದು ಕೈಬರಹ. ವಾಲುವುದು ಅದರ ಗುಣಗಳಲ್ಲಿ ಒಂದು ಮಾತ್ರ.

ಈ ಮಾತನ್ನು ಅಲ್ಲಿಯವರೇ ಒಮ್ಮೆ ಮರೆತು ಪರೀಕ್ಷೆಗೆ ಇಳಿದುದುಂಟು. ಇಂಗ್ಲೆಂಡಿನ ಮಾನೊಟೈಪ್ ಸಂಸ್ಥೆಯ ಸಲಹೆಗಾರನೂ, ಮುಂದೆ ಟೈಮ್ಸ್ ಪತ್ರಿಕೆಗಾಗಿ ಟೈಮ್ಸ್ ನ್ಯೂ ರೋಮನ್ ಅಕ್ಷರಮಾಲೆಯನ್ನು ರೂಪಿಸಿ ಹೆಸರಾದವನೂ ಆದ ಸ್ಟ್ಯಾನ್ಲಿ ಮಾರಿಸನ್ ಎಂಬ ವಿದ್ವಾಂಸನು, 1926ರ ಒಂದು ಪ್ರಬಂಧದಲ್ಲಿ, ರೋಮನ್ನಿನ ಸಂಗಾತಿಗೆ ಕೈಬರಹದ ಬೆಡಗು ಬೇಡ, ರೋಮನ್ ಅಕ್ಷರವನ್ನೇ ಓರೆಯಾಗಿಸಿದರೆ ಸಾಕು ಎಂದು ವಾದಿಸಿದನು. ಆ ವಾದವನ್ನನುಸರಿಸಿ ಎರಿಕ್ ಗಿಲ್ ರಚಿಸಿದ ಪರ್ಪೆಚುಯ ಎಂಬ ಅಕ್ಷರಮಾಲೆಗೆ ಮೊದಲು ಕೇವಲ ಓರೆಯಾದ ರೂಪವನ್ನೇ ಕೆತ್ತಿ ನೋಡಿದರು. ಕಣ್ಣಿಗೆ ಅದು ಒಗ್ಗಲಿಲ್ಲ. ಕೈಬರಹದ ಚಲನೆಯನ್ನು ಮತ್ತೆ ಸೇರಿಸಿ ತಿದ್ದಬೇಕಾಯಿತು. ಮಾರಿಸನ್ನನ ಟೈಮ್ಸ್ ನ್ಯೂ ರೋಮನ್ನಿನ ಸಂಗಾತಿಯೂ ಓರೆಗೊಳಿಸಿದ ರೋಮನ್ ಆಗದೆ ನಿಜವಾದ ಇಟ್ಯಾಲಿಕ್ಕೇ ಆಯಿತು. ಓರೆಯಾಗಿಸುವುದು ಹುಟ್ಟೂರಿನ ಲಿಪಿಗೇ ಸಾಲದಾಯಿತೆಂದ ಮೇಲೆ, ದೂರದ ಕನ್ನಡಕ್ಕೆ ಸಾಲುವುದೆಂತು?

ಈಗ ಕನ್ನಡದ ಕಡೆಗೆ ತಿರುಗೋಣ. ನಮ್ಮ ಅಕ್ಷರದ ದೇಹರಚನೆಯನ್ನು ಅರಿಯಲು ಬೇರೆ ಗ್ರಂಥ ಬೇಡ. ಮಗ್ಗಿಯ ಜೊತೆಗೆ ಶಾಲೆಯಲ್ಲಿ ಕೂಗಿ ಕಲಿತ ಕಾಗುಣಿತದ ಹೆಸರುಗಳೇ ಸಾಕು. ತಲಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಎತ್ವ, ಸೊನ್ನೆ, ಅರ್ಕಾವೊತ್ತು: ಎಷ್ಟು ಸಾರ್ಥಕವಾದ ನಾಮಗಳು! ತಲೆಯ ಮೇಲೆ ಕಟ್ಟಿದ್ದು ತಲಕಟ್ಟು. ಗುಡಿಸಲಿನ ಸೂರಿನಂತೆ ಬಾಗಿದ್ದು ಗುಡಿಸು. ಕೊಂಬಿನಂತೆ ತಿರುಗಿದ್ದು ಕೊಂಬು. ಇಂಗ್ಲಿಷ್ ಅಕ್ಷರಗಳು ಒಂದರ ಮಗ್ಗುಲಲ್ಲಿ ಒಂದು ಸಾಲಾಗಿ ನಿಂತರೆ, ಕನ್ನಡದ ಅಕ್ಷರವು ತನ್ನ ಪರಿವಾರವನ್ನು ತಲೆಯ ಮೇಲೂ ಬಲಕ್ಕೂ ಪಾದದ ಕೆಳಗೂ ಹೊತ್ತು ನಿಲ್ಲುತ್ತದೆ. ಅದರ ಮೂಲ ಆಕೃತಿ ವೃತ್ತ. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆಯುವಾಗ ನೇರಗೆರೆಯನ್ನು ಎಳೆದರೆ ಗರಿಯು ನಾರಿನ ಗುಂಟ ಸೀಳುವ ಭಯವಿದ್ದುದರಿಂದ ದಕ್ಷಿಣದ ಲಿಪಿಗಳು ದುಂಡಗಾದುವೆಂದು ಹೇಳುವ ವಾಡಿಕೆ. ಕಾರಣವು ಇದೊಂದೇ ಇರಲಿ, ಇತರವೂ ಕೂಡಿರಲಿ, ಕನ್ನಡ ಮತ್ತು ತೆಲುಗು ಎಂಬ ಸೋದರ ಲಿಪಿಗಳ ಸೌಂದರ್ಯವು ಅವುಗಳ ದುಂಡುತನದಲ್ಲಿದೆಯೆಂಬುದರಲ್ಲಿ ಸಂದೇಹವಿಲ್ಲ.

ಇಂತಹ ಲಿಪಿಯನ್ನು ಸೀಸದ ಮೊಳೆಗಳಿಗೆ ಒಗ್ಗಿಸುವುದೇ ಒಂದು ತಪಸ್ಸಾಗಿತ್ತು. ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ಅಚ್ಚಾದದ್ದು 1817ರಲ್ಲಿ. ಅವನ ತೆಲುಗು ವ್ಯಾಕರಣವು ಅದಕ್ಕೆ ಮೂರು ವರ್ಷ ಮೊದಲು, 1814ರಲ್ಲಿ ಬಂದಿತ್ತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ವು ಮೊಳೆಗಳಿಂದಲ್ಲ, ಕಲ್ಲಚ್ಚಿನಿಂದ ಮುದ್ರಿತವಾಗಿತ್ತು, ಎಂದರೆ ಕೈಯಲ್ಲಿ ಬರೆದುದನ್ನೇ ಕಲ್ಲಿಗಿಳಿಸಿ ಪ್ರತಿಗಳನ್ನು ತೆಗೆದಿದ್ದರು. ಅಲ್ಲಿಂದ ಅರ್ಧ ಶತಮಾನ ಕಳೆದು, 1894ರಲ್ಲಿ, ಕಿಟ್ಟೆಲರ ನಿಘಂಟು ಅದೇ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಮೊಳೆಗಳಲ್ಲಿ ಜೋಡಣೆಯಾಗಿ ಬಂದಾಗ, ಕನ್ನಡದ ಅಚ್ಚು ಪ್ರೌಢಾವಸ್ಥೆಯನ್ನು ಮುಟ್ಟಿತ್ತೆನ್ನಬಹುದು. ಆದರೂ ಇಂಗ್ಲಿಷಿನ ಜೋಡಣೆಗಾರನು ನೂರರ ಆಸುಪಾಸಿನ ಮೊಳೆಗಳ ಕೇಸಿನೆದುರು ನಿಂತು ಮುಗಿಸುವ ಕೆಲಸಕ್ಕೆ ಕನ್ನಡದವನು ನೂರಾರು ಬಗೆಯ ಮೊಳೆಗಳ ನಡುವೆ ಕೈಯಾಡಿಸಬೇಕಾಗಿತ್ತು. 34 ವ್ಯಂಜನಗಳು, ಒಂದೊಂದಕ್ಕೂ ಸ್ವರಚಿಹ್ನೆ, ಒಂದೊಂದಕ್ಕೂ ಒತ್ತು.

ಇಂತಹ ಸಂದರ್ಭದಲ್ಲಿ ಓರೆಯಕ್ಷರದ ಎರಡನೆಯ ಸಂಗ್ರಹವೆಂದರೆ ಇಡೀ ಪರಿವಾರವನ್ನು ಇನ್ನೊಮ್ಮೆ ಕೆತ್ತಿಸಿ, ಎರಕ ಹೊಯ್ಯಿಸಿ, ತೂಕದ ಲೆಕ್ಕದಲ್ಲಿ ಕೊಂಡು, ಇನ್ನೊಂದು ಸಾಲು ಕೇಸುಗಳಲ್ಲಿ ಹಂಚಿಡುವುದು. ಅದಲ್ಲದೆ, ಮೊಳೆಯ ಮೈ ಚೌಕ. ಓರೆಯಾದ ಅಕ್ಷರದ ತುದಿಯು ಆ ಚೌಕದಿಂದ ಹೊರಗೆ ಚಾಚಿಕೊಂಡು ಪಕ್ಕದ ಮೊಳೆಯ ಹೆಗಲ ಮೇಲೆ ಒರಗಬೇಕು. ಸೀಸ, ತವರ, ಆಂಟಿಮನಿಗಳ ಮಿಶ್ರಣದಲ್ಲಿ ಎರಕವಾದ ಅಂತಹ ಚಾಚುತುದಿಯು ಯಂತ್ರದ ಒತ್ತಡಕ್ಕೆ ಸಿಕ್ಕಿ ಮುರಿಯುವುದು ಸುಲಭ. ಅರ್ಕಾವೊತ್ತನ್ನೂ ಒತ್ತಕ್ಷರವನ್ನೂ ಕೂರಿಸುವುದರಲ್ಲೇ ಬಸವಳಿದಿದ್ದ ಅಚ್ಚುಕೂಟದ ಯಜಮಾನನು ಈ ಹೊಸ ಕಾಟವನ್ನು ಬಯಸದೆ ಹೋದುದರಲ್ಲಿ ಆಶ್ಚರ್ಯವೇನು? ನಮ್ಮಲ್ಲಿ ಇಟ್ಯಾಲಿಕ್ ಬೆಳೆಯದಿದ್ದುದಕ್ಕೆ ಹಣದ ಕಾರಣವೂ ಲೋಹದ ಕಾರಣವೂ ಹೀಗೆ ಕೂಡಿದ್ದವು.

ಕಂಪ್ಯೂಟರು ಬಂದು ಈ ಎರಡು ತಡೆಗಳನ್ನೂ ಒಂದೇ ಏಟಿಗೆ ತೆಗೆದುಹಾಕಿತು. ಪದವನ್ನು ಆರಿಸಿಕೊಂಡು ಗುಂಡಿಯೊಂದನ್ನು ಒತ್ತಿದರೆ ಅಕ್ಷರ ವಾಲುತ್ತದೆ. ಆದರೆ ಆ ಅಕ್ಷರಮಾಲೆಯಲ್ಲಿ ಓರೆರೂಪವನ್ನು ಯಾರೂ ರಚಿಸಿಡದೆ ಇದ್ದಾಗ ಯಂತ್ರವು ಮಾಡುವುದು ರಚನೆಯಲ್ಲ, ಬರಿಯ ರೇಖಾಗಣಿತ: ಸಾಲಿನ ಅಡಿಗೆರೆಯನ್ನು ಕೀಲಾಗಿಟ್ಟುಕೊಂಡು, ಅದರ ಮೇಲಿರುವುದನ್ನೆಲ್ಲ ಬಲಕ್ಕೂ, ಕೆಳಗಿರುವುದನ್ನೆಲ್ಲ ಎಡಕ್ಕೂ ಒಂದೇ ಪ್ರಮಾಣದಲ್ಲಿ ಜಾರಿಸುವುದು. ನಮ್ಮ ಲಗ್ನಪತ್ರಿಕೆಯಲ್ಲಿ ಹೀಗೆ ಜಾರಿದ ಪದಗಳಲ್ಲಿ ‘ಜ್ಯೇಷ್ಠ ಪುತ್ರ’ ಎಂಬಲ್ಲಿನ ‘ಜ್ಯೇಷ್ಠ’ವೂ ಒಂದು. ನಾನು ಕನ್ನಡಕವನ್ನು ಒರೆಸಿಕೊಂಡು ಆ ಒಂದು ಪದವನ್ನೇ ಬಹಳ ಹೊತ್ತು ನೋಡಿದೆನು. ಜಕಾರದ ತಲೆಯ ಮೇಲಿನ ಏತ್ವವು ಬಲಕ್ಕೆ ಸರಿದು ಮುಂದಿನ ಷಕಾರದ ತಲೆಗೆ ತಾಗುತ್ತಿತ್ತು. ಬಲಗಡೆ ಕೆಳಗೆ ಇರಬೇಕಾದ ಯಕಾರದ ಒತ್ತು ಎಡಕ್ಕೆ ಸರಿದು ಜಕಾರದ ಹೊಟ್ಟೆಗೇ ಒತ್ತಿಕೊಂಡಿತ್ತು. ಷಕಾರದ ಕೆಳಗಿನ ಠಕಾರವು ತನ್ನ ಒಡೆಯನ ನೆರಳಿನಿಂದ ಹಿಂದೆ ಉಳಿದಿತ್ತು. ಒಂದೇ ಅಕ್ಷರದ ತಲೆಯು ಒಂದು ದಿಕ್ಕಿಗೆ, ಪಾದವು ಇನ್ನೊಂದು ದಿಕ್ಕಿಗೆ. ವೃತ್ತಗಳ ಗತಿಯಂತೂ ಇನ್ನೂ ಶೋಚನೀಯ. ವೃತ್ತವನ್ನು ಓರೆಯಾಗಿ ಎಳೆದರೆ ಅದು ವಾಲಿದ ಮೊಟ್ಟೆಯಾಗುತ್ತದೆ. ಗೆರೆಯು ಒಂದು ಮೂಲೆಯಲ್ಲಿ ಉಬ್ಬಿ ಇನ್ನೊಂದರಲ್ಲಿ ಸೊರಗುತ್ತದೆ. ವೃತ್ತವೇ ಮೈಯಾದ ಠಕಾರಕ್ಕೂ ಪೂರ್ಣವೃತ್ತವೇ ಆದ ಸೊನ್ನೆಗೂ ಇದರಿಂದ ಆಗುವ ಹಾನಿ, ನೇರಗೆರೆಗಳೇ ಪ್ರಧಾನವಾದ ಇಂಗ್ಲಿಷ್ ಅಕ್ಷರಗಳಿಗೆ ಆಗುವ ಹಾನಿಗಿಂತ ಬಹಳ ಹೆಚ್ಚು. ದೊಡ್ಡಪ್ಪನವರು ಅಕ್ಷರವಿದ್ಯೆಯ ಪರಿಭಾಷೆಯನ್ನು ಅರಿತವರಲ್ಲ. ಆದರೆ ಬಾಗುವ ಪೈರಿಗೂ ಬಿದ್ದ ಪೈರಿಗೂ ಇರುವ ಅಂತರವನ್ನು ಅರಿತವರು. ತೆನೆ ತುಂಬಿ ಬಾಗಿದ್ದು ಬೇರೆ, ಗಾಳಿ ಹೊಡೆದು ಮಲಗಿದ್ದು ಬೇರೆ.

ಇಷ್ಟಾದ ಮೇಲೆ ಒಂದು ಸಹಜವಾದ ಆಕ್ಷೇಪ ಏಳುತ್ತದೆ. ಎರಡನೆಯ ಧ್ವನಿಯಿಲ್ಲದೆ ಕನ್ನಡದ ಪುಟವು ಇಷ್ಟು ಕಾಲ ಹೇಗೆ ಮಾತಾಡಿತು? ಒತ್ತಿ ಹೇಳಬೇಕಾದುದನ್ನು ಹೇಗೆ ಒತ್ತಿತು? ಉತ್ತರವು ಅಚ್ಚುಕೂಟದಲ್ಲಿಲ್ಲ, ವ್ಯಾಕರಣದಲ್ಲಿದೆ. ‘ನಾನು ಕೊಟ್ಟೆ’ ಎಂಬ ಮಾತನ್ನು ತೆಗೆದುಕೊಳ್ಳಿ. ಕೊಟ್ಟವನು ಬೇರೆಯವನಲ್ಲವೆಂದು ಒತ್ತಬೇಕಾದರೆ ‘ನಾನೇ ಕೊಟ್ಟೆ’. ಕೊಡದೆ ಬಿಡಲಿಲ್ಲವೆಂದು ಒತ್ತಬೇಕಾದರೆ ‘ನಾನು ಕೊಟ್ಟೇ ಕೊಟ್ಟೆ’. ಇತರರೊಡನೆ ಎನ್ನಬೇಕಾದರೆ ‘ನಾನೂ ಕೊಟ್ಟೆ’. ಇಂಗ್ಲಿಷಿನವನು ಇವುಗಳಲ್ಲಿ ಮೊದಲಿನೆರಡಕ್ಕೆ ಪದವನ್ನು ಓರೆಯಾಗಿಸಿ ಓದುಗನ ನಾಲಗೆಗೆ ಸನ್ನೆ ಮಾಡಬೇಕಾಗುತ್ತದೆ. ಕನ್ನಡಿಗನಿಗೆ ಒಂದು ಏಕಾರ ಸಾಕು. ನಮ್ಮ ವೈಯಾಕರಣರು ಇದಕ್ಕೆ ಅವಧಾರಣೆಯೆಂದು ಹೆಸರಿಟ್ಟು ಬಹುಕಾಲವಾಯಿತು. ಹಾಗೆಯೇ ಗ್ರಂಥದ ಹೆಸರನ್ನೂ ಪರರ ಮಾತನ್ನೂ ಬೇರ್ಪಡಿಸಲು ‘ಎಂಬ’, ‘ಎಂದು’, ‘ಎನ್ನುವ’ ಎಂಬ ಅವ್ಯರ್ಥವಾದ ರೂಪಗಳಿವೆ. ಉದ್ಧರಣ ಚಿಹ್ನೆಯೇ ಇಲ್ಲದ, ಪದಗಳ ನಡುವೆ ತೆರವೂ ಇಲ್ಲದ ತಾಳೆಯೋಲೆಯಲ್ಲಿ, ಯಾರ ಮಾತು ಎಲ್ಲಿ ಮುಗಿಯಿತೆಂದು ಓದುಗನು ಅರಿಯುತ್ತಿದ್ದುದು ಈ ‘ಎಂದು’ ಎಂಬುದರ ಆಸರೆಯಿಂದಲೇ. ಇಂಗ್ಲಿಷು ಕಣ್ಣಿಗೆ ತೋರಿಸುವುದನ್ನು ಕನ್ನಡವು ಕಿವಿಗೆ ಕೇಳಿಸುತ್ತದೆ. ಅಚ್ಚು ಬಂದ ಮೇಲೆ ಉದ್ಧರಣ ಚಿಹ್ನೆ, ದಪ್ಪಕ್ಷರ, ಮೂಲಪದ್ಯಕ್ಕೆ ದೊಡ್ಡ ಮೊಳೆ ಮತ್ತು ಟೀಕೆಗೆ ಸಣ್ಣ ಮೊಳೆ, ಇಂತಹ ಉಪಾಯಗಳು ಇದಕ್ಕೆ ಜೊತೆಯಾದವು.

ಪರಭಾಷೆಯ ಪದವನ್ನು ಓರೆಯಾಗಿ ಅಚ್ಚಿಸಬೇಕೆಂಬ ಇಂಗ್ಲಿಷಿನ ನಿಯಮವಂತೂ ಜವಳಗಿರಿಗೆ ಬಂದರೆ ದಾರಿ ತಪ್ಪುತ್ತದೆ. ಗಡಿಯ ಆಚೆ ಆನೇಕಲ್ಲಿನ ಕಡೆಯ ಕನ್ನಡ ರೈತನು ‘ಪಹಣಿ’ ಎನ್ನುವುದಕ್ಕೆ ಗಡಿಯ ಈಚೆಯ ಕನ್ನಡ ರೈತನು ‘ಪಟ್ಟಾ, ಚಿಟ್ಟಾ, ಅಡಂಗಲ್’ ಎನ್ನುತ್ತಾನೆ. ಅವನ್ನು ಹಿಡಿದುಕೊಂಡು ‘ತಾಲ್ಲೂಕು ಆಫೀಸಿಗೆ’ ಹೋಗಿ ‘ಮೇಜಿನ’ ಮುಂದೆ ನಿಲ್ಲುತ್ತಾನೆ. ಈ ಎರಡು ವಾಕ್ಯಗಳಲ್ಲಿ ತಮಿಳುನಾಡಿನ ಕಂದಾಯದ ಮಾತುಗಳಿವೆ, ಅರಬ್ಬಿಯಿಂದ ಬಂದ ತಾಲ್ಲೂಕಿದೆ, ಇಂಗ್ಲಿಷಿನ ಆಫೀಸಿದೆ, ಪೋರ್ಚುಗೀಸರ ಮೇಜಿದೆ. ಪರಕೀಯವಾದುದನ್ನೆಲ್ಲ ಓರೆಯಾಗಿಸುತ್ತ ಹೋದರೆ ನೆಟ್ಟಗೆ ನಿಲ್ಲುವುದು ಪ್ರಾಯಃ ‘ಹೋಗಿ’, ‘ನಿಲ್ಲುತ್ತಾನೆ’ ಎಂಬಂತಹ ಕ್ರಿಯಾಪದಗಳು ಮಾತ್ರ. ಆದರೆ ಮಾತು ಕನ್ನಡವೇ. ಆಡುವವನಿಗೂ ಕೇಳುವವನಿಗೂ ಅದರಲ್ಲಿ ಅನ್ಯವೆನ್ನಿಸುವುದು ಏನೂ ಇಲ್ಲ. ರಾಜ್ಯಗಳ ಗೆರೆಗಳನ್ನು 1956ರಲ್ಲಿ ಮತ್ತೆ ಎಳೆದರು, ಕೃಷ್ಣಗಿರಿಯನ್ನು 2004ರಲ್ಲಿ ಜಿಲ್ಲೆಯಾಗಿ ಮಾಡಿದರು. ನಾಲಗೆಯು ಆ ಗೆರೆಗಳನ್ನು ಲಕ್ಷಿಸದೆ ತನಗೆ ಬೇಕಾದುದನ್ನು ತನ್ನದಾಗಿ ಮಾಡಿಕೊಂಡಿತು. ಯಾವ ಪದ ನಮ್ಮದು, ಯಾವುದು ಅತಿಥಿ ಎಂಬ ತೀರ್ಪನ್ನು ಅಕ್ಷರದ ವಾಲಿಕೆಗೆ ಒಪ್ಪಿಸುವುದು ಇಂತಹ ಸೀಮೆಯಲ್ಲಿ ಸಲ್ಲದು.

ಹಾಗಾದರೆ ಕನ್ನಡಕ್ಕೆ ಓರೆಯಕ್ಷರವೇ ಸರ್ವಥಾ ಬೇಡವೇ? ಹಾಗೆಂದು ಬಾಗಿಲು ಮುಚ್ಚುವುದೂ ಉಚಿತವಲ್ಲ. ಕನ್ನಡ ಮತ್ತು ಇಂಗ್ಲಿಷುಗಳು ಒಂದೇ ಪುಟದಲ್ಲಿ ಕೂಡುವ ಸಂಶೋಧನ ಗ್ರಂಥಗಳಲ್ಲಿ, ನಿಘಂಟುಗಳಲ್ಲಿ, ನಾಟಕದ ರಂಗಸೂಚನೆಗಳಲ್ಲಿ, ಕಾದಂಬರಿಯ ನಡುವೆ ಬರುವ ಕಾಗದಪತ್ರಗಳಲ್ಲಿ ಮೃದುವಾದ ಎರಡನೆಯ ಧ್ವನಿಯೊಂದು ಉಪಕಾರಿಯಾದೀತು; ದಪ್ಪಕ್ಷರವು ಕೂಗುತ್ತದೆ, ಅಲ್ಲಿ ಬೇಕಾದುದು ಪಿಸುಮಾತು. ಈ ದಿಕ್ಕಿನಲ್ಲಿ ಗಮನಾರ್ಹವಾದ ಪ್ರಯತ್ನವೊಂದು ನಡೆದಿದೆ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮುದ್ರಣಾಲಯವು 2015ರಿಂದ ಪ್ರಕಟಿಸುತ್ತಿರುವ ಮೂರ್ತಿ ಕ್ಲಾಸಿಕಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಮಾಲೆಯಲ್ಲಿ ಭಾರತೀಯ ಕಾವ್ಯಗಳ ಮೂಲವು ಒಂದು ಪುಟದಲ್ಲಿಯೂ ಇಂಗ್ಲಿಷ್ ಅನುವಾದವು ಎದುರುಪುಟದಲ್ಲಿಯೂ ಇರುತ್ತದೆ; ರಾಘವಾಂಕನ ಹರಿಶ್ಚಂದ್ರ ಕಾವ್ಯವು ವನಮಾಲಾ ವಿಶ್ವನಾಥರ ಅನುವಾದದೊಡನೆ 2017ರಲ್ಲಿ ಈ ಮಾಲೆಯಲ್ಲಿ ಬಂದಿತು. ಈ ಮಾಲೆಗಾಗಿ ಭಾರತೀಯ ಲಿಪಿಗಳ ಅಕ್ಷರಗಳನ್ನು ಹೊಸದಾಗಿ ರಚಿಸುವ ಕೆಲಸದಲ್ಲಿ ಕೆನಡದ ಟಿರೋ ಟೈಪ್‌ವರ್ಕ್ಸ್‌ನ ಜಾನ್ ಹಡ್ಸನ್, ಭಾರತೀಯ ಲಿಪಿಗಳ ತಜ್ಞೆ ಫಿಯೋನಾ ರಾಸ್ ಮೊದಲಾದವರು ತೊಡಗಿದರು. ಅದರಿಂದ ಬೆಳೆದ ‘ಟಿರೋ ಕನ್ನಡ’ವು ಈಗ ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಗ್ರಂಥೋಚಿತ ಅಕ್ಷರಮಾಲೆಯಾಗಿದ್ದು, ಅದಕ್ಕೆ ನೇರ ಮತ್ತು ಓರೆ ಎಂಬ ಎರಡು ರೂಪಗಳಿವೆ. ದಪ್ಪ ತೆಳುಗಳ ಏರಿಳಿತವುಳ್ಳ, ಸೀಸದ ಕಾಲದ ಪುಸ್ತಕಗಳ ಗಾಂಭೀರ್ಯವನ್ನು ನೆನಪಿಗೆ ತರುವ ಅಕ್ಷರಗಳು ಅವು.

ಎಚ್ಚರದಿಂದ ರಚಿಸಿದ ಓರೆಗೂ ಯಂತ್ರವು ಎಳೆದ ಓರೆಗೂ ಇರುವ ವ್ಯತ್ಯಾಸವು ಕೂಸನ್ನು ಎತ್ತಿಕೊಂಡವಳು ಸೊಂಟದಿಂದ ತುಸು ವಾಲಿ ನಿಲ್ಲುವುದಕ್ಕೂ ಕಾಲು ಜಾರಿದವನು ವಾಲುವುದಕ್ಕೂ ಇರುವ ವ್ಯತ್ಯಾಸ. ರಚನಕಾರನು ಕೋನವನ್ನು ಹಿತಮಿತವಾಗಿಟ್ಟುಕೊಂಡು, ಒಂದೊಂದು ವೃತ್ತದ ಉಬ್ಬುತಗ್ಗುಗಳನ್ನೂ ಕಣ್ಣಳತೆಯಿಂದ ತಿದ್ದಿ, ಒತ್ತಕ್ಷರವನ್ನು ತನ್ನ ಒಡೆಯನ ಅಡಿಗೇ ಮರಳಿ ತಂದು, ತಲೆಯ ಚಿಹ್ನೆಗಳು ಪಕ್ಕದವರಿಗೆ ತಾಗದಂತೆ ತೆರವು ಬಿಡಬೇಕು. ನೂರಾರು ಆಕೃತಿಗಳಲ್ಲಿ ಒಂದನ್ನೂ ಬಿಡದೆ. ಇದಕ್ಕೂ ಮುಂದಿನ ಹೆಜ್ಜೆಯೆಂದರೆ ವೆನಿಸಿನಲ್ಲಿ ಆದಂತೆ ಕನ್ನಡದ ಶೀಘ್ರ ಕೈಬರಹವನ್ನೇ ಆಧಾರವಾಗಿಟ್ಟುಕೊಂಡು ನಿಜವಾದ ಸಂಗಾತಿಯನ್ನು ರಚಿಸುವುದು. ಶ್ಯಾನುಭೋಗರ ಕಡತಗಳಲ್ಲಿ, ಅಂಗಡಿಯ ಲೆಕ್ಕದ ಪುಸ್ತಕಗಳಲ್ಲಿ, ಹಳೆಯ ಉಪಾಧ್ಯಾಯರ ಕಾಗದಗಳಲ್ಲಿ ಲೇಖನಿಯನ್ನು ಎತ್ತದೆ ಹರಿದ ಕನ್ನಡ ಬರಹಗಳು ಎಷ್ಟಿಲ್ಲ? ಕನ್ನಡದ ಇಟ್ಯಾಲಿಕ್ ಎಂದಾದರೂ ಹುಟ್ಟುವುದಾದರೆ ಅದರ ಬೀಜ ಅಲ್ಲಿದೆ, ಕಂಪ್ಯೂಟರಿನ ಗುಂಡಿಯಲ್ಲಿಲ್ಲ.

ಅಲ್ಲಿಯತನಕ ಪುಸ್ತಕ ಮಾಡುವವರಲ್ಲಿಯೂ, ಪತ್ರಿಕೆಯ ಪುಟ ಕಟ್ಟುವವರಲ್ಲಿಯೂ, ಲಗ್ನಪತ್ರಿಕೆಯ ಕರಡನ್ನು ಕೈಗೆತ್ತಿಕೊಳ್ಳುವ ಗೃಹಸ್ಥರಲ್ಲಿಯೂ ಒಂದು ಕೋರಿಕೆ. ಓರೆರೂಪವನ್ನು ಬೇರೆಯಾಗಿ ರಚಿಸಿದ ಅಕ್ಷರಮಾಲೆ ಕೈಯಲ್ಲಿದ್ದರೆ ಮಿತವಾಗಿ ಬಳಸಿರಿ. ಇಲ್ಲದಿದ್ದರೆ ಅಕ್ಷರವನ್ನು ನೆಟ್ಟಗೇ ಬಿಡಿರಿ. ಸಂದೇಹವಾದಲ್ಲಿ ‘ಜ್ಯೇಷ್ಠ’ ಎಂಬ ಒಂದು ಪದವನ್ನು ಎರಡೂ ಬಗೆಗಳಲ್ಲಿ ಅಚ್ಚುಮಾಡಿಸಿ, ಮನೆಯ ಹಿರಿಯರ ಕೈಗೆ ಕೊಟ್ಟು ನೋಡಿರಿ.

ನಮ್ಮ ಪತ್ರಿಕೆಯ ಎರಡನೆಯ ಕರಡು ಮರುವಾರ ಬಂದಿತು. ಅಕ್ಷರಗಳೆಲ್ಲ ನೆಟ್ಟಗಿದ್ದವು, ಅಜ್ಜನ ಹೆಸರು ಮಾತ್ರ ಒಂದಳತೆ ದೊಡ್ಡದಾಗಿತ್ತು. ದೊಡ್ಡಪ್ಪನವರು ಅದನ್ನು ಕನ್ನಡಕವಿಲ್ಲದೆಯೇ ಓದಿ, ಮೂಲೆಗೆ ಅರಿಸಿನ ಹಚ್ಚಲು ಒಳಗೆ ಕಳುಹಿಸಿದರು.